ವೈರಸ್ ಪ್ರೋಟೀನು ಒಂದೊಂದು ಕೋಶದಲ್ಲಿ ಒಂದೊಂದು ಕಡೆ ಕಂಡರೆ: ಕೋಶಚಕ್ರವನ್ನು ಹಿಡಿದು ದೋಷ ಪತ್ತೆ ಮಾಡುವ ಕ್ರಮ

ಒಂದೇ ಕವರ್‌ಸ್ಲಿಪ್ಪಿನ ಮೇಲೆ, ಒಂದೇ ಪ್ಲಾಸ್ಮಿಡ್ (ವೈರಸ್ ಪ್ರೋಟೀನಿನ ಜೀನನ್ನು ಹೊತ್ತ ಡಿಎನ್‌ಎ ವರ್ತುಲ) ಹಾಕಿ ಬೆಳೆಸಿದ ಕೋಶಗಳಿರುತ್ತವೆ. ವೈರಸ್ಸಿನ ಪ್ರೋಟೀನು ಅವುಗಳಲ್ಲಿ ಕೆಲವದರ ಕೋಶಕೇಂದ್ರದೊಳಗೆ, ಕೆಲವದರ ಕೋಶರಸದಲ್ಲಿ, ಇನ್ನು ಕೆಲವದರ ನ್ಯೂಕ್ಲಿಯೋಲಸ್ಸಿನಲ್ಲಿ (ಕೋಶಕೇಂದ್ರದೊಳಗಿನ ದಟ್ಟ ಭಾಗ) ಗಟ್ಟಿ ಚುಕ್ಕೆಗಳಾಗಿ ಕಾಣುತ್ತದೆ; ಮುಂದಿನ ವಾರ ಅದೇ ಪ್ರಯೋಗವನ್ನು ಮಾಡಿದರೆ ಈ ಮೂರರ ಪ್ರಮಾಣವೇ ಬೇರೆಯಾಗಿರುತ್ತದೆ. ಈ ಕೈಪಿಡಿ ಎತ್ತಿಕೊಂಡಿರುವುದು ಈ ದೋಷವನ್ನು. ಇಂಥ ಚಿತ್ರ ಎದುರಾದಾಗ ಪ್ಲಾಸ್ಮಿಡ್ಡನ್ನು ಹೊಸದಾಗಿ ಕಟ್ಟುವುದು, ಪ್ರೋಟೀನನ್ನು ಹಿಡಿದು ತೋರಿಸುವ ಆ್ಯಂಟಿಬಾಡಿಯನ್ನು ದೂರುವುದು, ಇಲ್ಲವೇ ಕಣ್ಣಿಗೆ ಚೆನ್ನಾಗಿ ಕಂಡ ನಾಲ್ಕು ಕೋಶಗಳ ಫೋಟೋ ತೆಗೆದು ‘ಪ್ರೋಟೀನು ಕೋಶಕೇಂದ್ರದಲ್ಲಿದೆ’ ಎಂದು ಬರೆದುಬಿಡುವುದು ವಾಡಿಕೆಯಾಗಿದೆ. ಮೊದಲ ಎರಡರಿಂದ ಹಣ ಮತ್ತು ಸಮಯ ಹಾಳಾಗುತ್ತವೆ. ಮೂರನೆಯದರಿಂದ ಮಾಹಿತಿಯೇ ಹಾಳಾಗುತ್ತದೆ.

ಕೋಶವು ತನ್ನ ಚಕ್ರದ ಯಾವ ಹಂತದಲ್ಲಿದೆ (ಹುಟ್ಟಿದ ಬಳಿಕದ ಜಿ1, ಡಿಎನ್‌ಎ ನಕಲಾಗುವ ಎಸ್, ವಿಭಜನೆಗೆ ಸಿದ್ಧವಾಗುವ ಜಿ2, ವಿಭಜನೆಯ ಎಂ ಅಥವಾ ಮೈಟಾಸಿಸ್) ಎಂಬುದನ್ನು ಗುರುತಿಸದೆ ಪ್ರೋಟೀನಿನ ಜಾಗವನ್ನು ಹೇಳಲು ಬರುವುದಿಲ್ಲ. ಹಾಗೆಂದು, ಚಿತ್ರ ಬೆರಕೆಯಾಗಿ ಕಂಡ ಕೂಡಲೇ ಕೋಶಚಕ್ರವೇ ಕಾರಣವೆಂದು ತೀರ್ಮಾನಿಸುವುದೂ ಸರಿಯಲ್ಲ, ಏಕೆಂದರೆ ಅದರಂತೆಯೇ ತೋರುವ ಸುಳ್ಳು ಕಾರಣಗಳು ಹಲವಿವೆ ಮತ್ತು ಅವುಗಳನ್ನು ಕಳೆಯುವುದಕ್ಕೆ ಒಂದು ಕ್ರಮವಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ವಿಜ್ಞಾನ ಕಲಿತು, ಬಳಿಕ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಮಂಗಳೂರಿನ ಕಡೆಯಲ್ಲೋ ಪ್ರಯೋಗಾಲಯ ಸೇರಿದವರನ್ನು ಮನಸ್ಸಿನಲ್ಲಿಟ್ಟು ಆ ಕ್ರಮವನ್ನು ಇಲ್ಲಿ ಬರೆದಿದೆ. ಬೇಕಾದ ಯಂತ್ರವೆಲ್ಲ ಪಕ್ಕದ ಕೋಣೆಯಲ್ಲಿಲ್ಲ, ಆಟಿ ತಿಂಗಳ ಮಳೆಗೆ ಕರೆಂಟು ಇರುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಪ್ರತಿ ಹೆಜ್ಜೆಯನ್ನೂ ಸೂಚಿಸಲಾಗಿದೆ.

ದೋಷದ ರೂಪವನ್ನು ಮೊದಲು ಗೊತ್ತುಮಾಡಿಕೊಳ್ಳುವುದು

ಸೂಕ್ಷ್ಮದರ್ಶಕದ ಎದುರು ಕುಳಿತಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಒಂದೇ. ಪ್ರತಿಯೊಂದು ಕೋಶದಲ್ಲಿಯೂ ಪ್ರೋಟೀನು ಎರಡೂ ಕಡೆ ಸ್ವಲ್ಪ ಸ್ವಲ್ಪ ಹರಡಿದೆಯೇ, ಅಥವಾ ಒಂದೊಂದು ಕೋಶವೂ ಸ್ಪಷ್ಟವಾಗಿ ಒಂದೇ ಬಗೆಯದಾಗಿದ್ದು ಕೋಶಕೋಶಗಳ ನಡುವೆ ಮಾತ್ರ ವ್ಯತ್ಯಾಸವಿದೆಯೇ? ಎಲ್ಲ ಕೋಶಗಳೂ ಒಂದೇ ರೀತಿ ಬೆರಕೆಯಾಗಿದ್ದರೆ ಸಂಶಯವು ಪ್ರೋಟೀನಿನ ರಚನೆಯ ಮೇಲೆ, ಗುರುತಿಗಾಗಿ ಅದಕ್ಕೆ ಅಂಟಿಸಿದ ಟ್ಯಾಗಿನ ಮೇಲೆ ಅಥವಾ ವಿಪರೀತ ಉತ್ಪಾದನೆಯ ಮೇಲೆ ಹೋಗಬೇಕು. ಕೋಶಗಳು ಸ್ಪಷ್ಟವಾಗಿ ಗುಂಪುಗುಂಪಾಗಿ ಒಡೆದುಕೊಂಡಿದ್ದರೆ ಮಾತ್ರ ಕೋಶಚಕ್ರ, ಸೋಂಕು ತಗುಲಿದ ಬಳಿಕ ಕಳೆದ ಅವಧಿ, ಕೋಶಗಳ ದಟ್ಟಣೆ ಇವುಗಳ ಕಡೆಗೆ ನೋಡಬೇಕಾಗುತ್ತದೆ. ಈ ಎರಡನ್ನು ಬೇರೆ ಮಾಡದೆ ಮುಂದಿನ ಯಾವ ಹೆಜ್ಜೆಯನ್ನಿಟ್ಟರೂ ಉತ್ತರ ಗೊಂದಲದ್ದೇ ಆಗಿರುತ್ತದೆ.

ಎಣಿಕೆಯನ್ನು ಕಣ್ಣಂದಾಜಿಗೆ ಬಿಡಬಾರದು. ಕವರ್‌ಸ್ಲಿಪ್ಪಿನ ಬೇರೆಬೇರೆ ಭಾಗಗಳಿಂದ ಕನಿಷ್ಠ 200 ಕೋಶಗಳನ್ನಾದರೂ, ಯಾವ ಸ್ಲೈಡು ಯಾವುದೆಂದು ತಿಳಿಯದ ಇನ್ನೊಬ್ಬರಿಂದ ಎಣಿಸಿಕೊಳ್ಳುವುದು ಒಳ್ಳೆಯದು. ಅಳತೆ ಮಾಡುವಾಗ ಕೋಶಕೇಂದ್ರದ ಒಟ್ಟು ಬೆಳಕನ್ನಲ್ಲ, ಸರಾಸರಿ ಬೆಳಕನ್ನು ಕೋಶರಸದ ಸರಾಸರಿಯೊಂದಿಗೆ ಹೋಲಿಸಬೇಕು. ಜಿ2 ಹಂತದ ಕೋಶವು ಆಗತಾನೆ ಹುಟ್ಟಿದ ಜಿ1 ಕೋಶಕ್ಕಿಂತ ದೊಡ್ಡದಾಗಿರುವುದರಿಂದ ಒಟ್ಟು ಬೆಳಕು ಇಲ್ಲದ ಏರಿಕೆಯನ್ನು ತೋರಿಸುತ್ತದೆ. ವಿಭಜನೆಗೆ ಸಿದ್ಧವಾಗಿ ಉಂಡೆಯಾದ ಕೋಶವು ಸಾಮಾನ್ಯ ಫ್ಲೋರೆಸೆಂಟ್ ಸೂಕ್ಷ್ಮದರ್ಶಕದಲ್ಲಿ ಮೇಲೂ ಕೆಳಗೂ ಇರುವ ಬೆಳಕನ್ನೆಲ್ಲ ಒಟ್ಟುಗೂಡಿಸಿ ಬಲು ಪ್ರಕಾಶಮಾನವಾಗಿ ಕಾಣುತ್ತದೆಯಾದ್ದರಿಂದ, ಒಂದೇ ತೆಳುಪದರದ ಬೆಳಕನ್ನು ಹಿಡಿಯುವ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಸಿಗದಿದ್ದರೆ ಅಂಥ ಕೋಶಗಳ ಅಳತೆಯನ್ನು ಪ್ರತ್ಯೇಕವಾಗಿಯೇ ಇಡುವುದು ಕ್ಷೇಮ.

ಕೋಶಚಕ್ರವು ಪ್ರೋಟೀನಿನ ಜಾಗವನ್ನು ಹೇಗೆ ಬದಲಿಸುತ್ತದೆ

ಕಾರಣಗಳು ಒಂದಕ್ಕಿಂತ ಹೆಚ್ಚು ಇವೆ, ಮತ್ತು ಅವು ಬಿಡುವ ಗುರುತುಗಳೂ ಬೇರೆಬೇರೆ. ಮೊದಲನೆಯದು ಕೋಶಕೇಂದ್ರದ ಪೊರೆಯೇ ಇಲ್ಲವಾಗುವುದು. ಮೈಟಾಸಿಸ್ಸಿನ ಆರಂಭದಲ್ಲಿ ಆ ಪೊರೆ ಒಡೆದು, ಕೊನೆಯಲ್ಲಿ ಎರಡು ಮರಿಕೋಶಗಳಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ನಡುವಿನ ಅವಧಿಯಲ್ಲಿ ಒಳಗೆ, ಹೊರಗೆ ಎಂಬ ಮಾತಿಗೇ ಅರ್ಥವಿಲ್ಲ. ಆಗ ವರ್ಣತಂತುಗಳಿಗೆ ಅಂಟಿಕೊಂಡ ಪ್ರೋಟೀನು ಪೊರೆ ಮರಳಿ ಕಟ್ಟಿಕೊಳ್ಳುವಾಗ ಒಳಗೇ ಉಳಿದುಬಿಡುತ್ತದೆ. ಎಪ್‌ಸ್ಟೀನ್-ಬಾರ್ ವೈರಸ್ಸಿನ ಇಬಿಎನ್‌ಎ1 ಮತ್ತು ಕಪೋಸಿ ಸಾರ್ಕೋಮಾ ವೈರಸ್ಸಿನ ಲಾನಾ ಎಂಬ ಪ್ರೋಟೀನುಗಳು ವೈರಸ್ಸಿನ ಡಿಎನ್‌ಎಯನ್ನು ವರ್ಣತಂತುಗಳಿಗೆ ಹೀಗೆ ಕಟ್ಟಿಹಾಕಿಯೇ ಮರಿಕೋಶಗಳಿಗೆ ದಾಟಿಸುತ್ತವೆ. ಇಲಿಯ ಲ್ಯುಕೀಮಿಯಾ ವೈರಸ್ಸು ತನ್ನ ಡಿಎನ್‌ಎಯನ್ನು ಕೋಶಕೇಂದ್ರಕ್ಕೆ ಮುಟ್ಟಿಸಲು ಕೋಶವು ವಿಭಜನೆಯಾಗುವುದನ್ನೇ ಕಾಯಬೇಕಾಗುತ್ತದೆ.

ಎರಡನೆಯ ಕಾರಣ ಫಾಸ್ಫೇಟು ಸೇರಿಕೆ. ಕೋಶಚಕ್ರವನ್ನು ನಡೆಸುವ ಸಿಡಿಕೆ ಕಿಣ್ವಗಳು ಪ್ರೋಟೀನಿನ ವಿಳಾಸಪಟ್ಟಿಯಂತಿರುವ ಭಾಗದ ಹತ್ತಿರ ಫಾಸ್ಫೇಟನ್ನು ಕೂಡಿಸಿ, ಒಳಗೆ ಹೋಗುವುದನ್ನಾಗಲಿ ಹೊರಗೆ ಬರುವುದನ್ನಾಗಲಿ ತಡೆಯಬಲ್ಲವು. ಎಸ್‌ವಿ40 ವೈರಸ್ಸಿನ ಲಾರ್ಜ್ ಟಿ ಆ್ಯಂಟಿಜೆನ್ ಇದಕ್ಕೆ ಹಳೆಯ ಮತ್ತು ಗಟ್ಟಿಯಾದ ಉದಾಹರಣೆ. ಅದರ 126ರಿಂದ 132ರವರೆಗಿನ ಏಳು ಅಮೈನೋ ಆಮ್ಲಗಳೇ ಅದನ್ನು ಕೋಶಕೇಂದ್ರಕ್ಕೆ ಒಯ್ಯುವ ಸಂಕೇತವೆಂದು 1984ರಲ್ಲಿ ಗೊತ್ತಾಯಿತು. ಆ ಸಂಕೇತದ ಪಕ್ಕದಲ್ಲೇ ಇರುವ 124ನೆಯ ಥ್ರಿಯೊನಿನ್ನಿಗೆ ಸಿಡಿಕೆ1 ಫಾಸ್ಫೇಟನ್ನು ಸೇರಿಸಿದರೆ ಪ್ರೋಟೀನು ಒಳಹೋಗುವ ಪ್ರಮಾಣ ತಗ್ಗುತ್ತದೆ. ತುಸು ಹಿಂದಿರುವ 111 ಮತ್ತು 112ನೆಯ ಸೆರೀನುಗಳ ಬಳಿ ಸಿಕೆ2 ಎಂಬ ಬೇರೊಂದು ಕಿಣ್ವ ಅದೇ ಕೆಲಸವನ್ನು ಮಾಡಿದರೆ ಒಳಹೋಗುವ ವೇಗ ಹೆಚ್ಚುತ್ತದೆ. ಮನುಷ್ಯರ ಪ್ಯಾಪಿಲೋಮಾ ವೈರಸ್ಸಿನ ಇ1 ಪ್ರೋಟೀನಿನಲ್ಲಿ ದಿಕ್ಕು ಬೇರೆ: ಅಲ್ಲಿ ಸಿಡಿಕೆಯ ಫಾಸ್ಫೇಟು ಹೊರಸಾಗಣೆಯನ್ನು ತಡೆಯುವುದರಿಂದ, ಡಿಎನ್‌ಎ ನಕಲಾಗುವ ಎಸ್ ಹಂತದಲ್ಲಿ ಪ್ರೋಟೀನು ಕೋಶಕೇಂದ್ರದಲ್ಲಿ ಕೂಡಿಕೊಳ್ಳುತ್ತದೆ. ಒಂದೇ ಬಗೆಯ ಕಿಣ್ವ ಒಂದು ಪ್ರೋಟೀನನ್ನು ಹೊರಗಿರಿಸಿ ಇನ್ನೊಂದನ್ನು ಒಳಗಿರಿಸುತ್ತದೆ ಎಂದ ಮೇಲೆ, ಯಾವುದೋ ಒಂದು ವೈರಸ್ಸಿನ ಫಲಿತಾಂಶವನ್ನು ನೋಡಿ ನಮ್ಮ ಪ್ರೋಟೀನಿನ ದಿಕ್ಕನ್ನು ಊಹಿಸುವುದು ತರವಲ್ಲ.

ಮೂರನೆಯದು, ಪ್ರೋಟೀನು ನೆಲೆಸಬೇಕಾದ ಅಂಗವೇ ಚಕ್ರದೊಂದಿಗೆ ಬದಲಾಗುವುದು. ನ್ಯೂಕ್ಲಿಯೋಲಸ್ಸು ಮೈಟಾಸಿಸ್ಸಿನಲ್ಲಿ ಕರಗಿ, ಮರಿಕೋಶಗಳಲ್ಲಿ ಮತ್ತೆ ಮೂಡುತ್ತದೆ. ಗಾಲ್ಜಿಯೂ ಆ ಹೊತ್ತಿಗೆ ಚೂರುಚೂರಾಗುತ್ತದೆ. ಗಾಲ್ಜಿಯಲ್ಲಿ ನಿಲ್ಲುವ ವೈರಸ್ ಪ್ರೋಟೀನು ಆಗ ಕೋಶವೆಲ್ಲ ಹರಡಿದಂತೆ ಕಂಡರೆ ಪ್ರೋಟೀನಿನ ತಪ್ಪೇನೂ ಇಲ್ಲ.

ಚಕ್ರವನ್ನು ದೂರುವ ಮೊದಲು ಕಳೆಯಬೇಕಾದವು

ಟ್ಯಾಗಿನ ಪರೀಕ್ಷೆ ಬೇಗ ಮುಗಿಯುತ್ತದೆ. ಹಸಿರಾಗಿ ಹೊಳೆಯುವ ಜಿಎಫ್‌ಪಿ ಎಂಬ ಟ್ಯಾಗು ಒಂಟಿಯಾಗಿ ಸುಮಾರು 27 ಕಿಲೋಡಾಲ್ಟನ್ ತೂಕದ್ದಾಗಿದ್ದು, ಕೋಶಕೇಂದ್ರದ ರಂಧ್ರಗಳ ಮೂಲಕ ತಾನಾಗಿಯೇ ನುಸುಳುತ್ತದೆ. 40ರಿಂದ 60 ಕಿಲೋಡಾಲ್ಟನ್ನಿನ ಆಚೆಗೆ ಹೀಗೆ ನುಸುಳುವುದು ಕಷ್ಟವಾಗುತ್ತದೆ. ಹತ್ತು ಕಿಲೋಡಾಲ್ಟನ್ನಿನ ಸಣ್ಣ ವೈರಸ್ ಪ್ರೋಟೀನಿಗೆ ಜಿಎಫ್‌ಪಿಯನ್ನು ಅಂಟಿಸಿ ಎರಡೂ ಕಡೆ ಬೆಳಕು ಕಂಡರೆ ಅದು ಟ್ಯಾಗಿನ ಗುಣವೇ ಇರಬಹುದು. ಬರೀ ಟ್ಯಾಗಿನ ಸ್ಲೈಡೊಂದನ್ನು ಪ್ರತಿ ಸಲವೂ ಜೊತೆಗಿಡಬೇಕು, ಮತ್ತು ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟಿನಲ್ಲಿ ಟ್ಯಾಗು ತುಂಡಾಗಿ ಬೇರೆ ಬೀಳುತ್ತಿಲ್ಲವೆಂದು ನೋಡಿಕೊಳ್ಳಬೇಕು.

ಫಿಕ್ಸ್ ಮಾಡುವ, ಎಂದರೆ ಕೋಶವನ್ನು ರಾಸಾಯನಿಕದಿಂದ ಇದ್ದಂತೆಯೇ ಹಿಡಿದು ನಿಲ್ಲಿಸುವ, ವಿಧಾನದ ವಿಷಯ ಇಷ್ಟು ಸುಲಭವಲ್ಲ, ಮತ್ತು ಈ ದೋಷದ ಬಗ್ಗೆ ಕಲಿಯಬೇಕಾದ್ದನ್ನೆಲ್ಲ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ವಿಪಿ22 ಎಂಬ ಒಂದೇ ಪ್ರೋಟೀನು ಕಲಿಸುತ್ತದೆ ಎಂದರೂ ಸಲ್ಲುತ್ತದೆ. 1997ರಲ್ಲಿ ಗಿಲಿಯನ್ ಎಲಿಯಟ್ ಮತ್ತು ಪೀಟರ್ ಒ'ಹೇರ್ ಅವರು ಈ ಪ್ರೋಟೀನು ತಾನು ತಯಾರಾದ ಕೋಶದಿಂದ ಹೊರಟು ನೆರೆಯ ಕೋಶಗಳ ಕೇಂದ್ರಗಳಲ್ಲಿ ಸೇರಿಕೊಳ್ಳುತ್ತದೆ ಎಂದು ವರದಿ ಮಾಡಿದರು. ಔಷಧವನ್ನು ಕೋಶಕೋಶಕ್ಕೆ ಸಾಗಿಸಲು ಇದನ್ನು ಬಳಸಬಹುದೆಂಬ ಆಸೆ ಹಲವರಲ್ಲಿ ಮೂಡಿತು. ಆದರೆ ಕೆಲವೇ ವರ್ಷಗಳಲ್ಲಿ ಬೇರೆಯವರು, ಫಿಕ್ಸ್ ಮಾಡುವ ಹೊತ್ತಿನಲ್ಲಿಯೇ ಪ್ರೋಟೀನು ಸಡಿಲಗೊಂಡು, ಡಿಎನ್‌ಎಗೆ ಅಂಟುವ ಅದರ ಗುಣದಿಂದಾಗಿ ಪಕ್ಕದ ಕೋಶಕೇಂದ್ರಗಳಲ್ಲಿ ಹೋಗಿ ಕೂರುವುದರಿಂದಲೂ ಇಂಥ ಚಿತ್ರ ಉಂಟಾಗಬಲ್ಲದೆಂದು ತೋರಿಸಿದರು. ಹಾಗಾದರೆ ಕೋಶಕೇಂದ್ರದಲ್ಲಿ ಕಂಡ ವಿಪಿ22 ಎಲ್ಲವೂ ಸುಳ್ಳೇ? ಅದೂ ಅಲ್ಲ. 2000ದಲ್ಲಿ ಎಲಿಯಟ್ ಮತ್ತು ಒ'ಹೇರ್ ಅವರೇ ಜಿಎಫ್‌ಪಿ ಅಂಟಿಸಿದ ವಿಪಿ22ವನ್ನು ಜೀವಂತ ಕೋಶಗಳಲ್ಲಿ ಹಿಂಬಾಲಿಸಿ, ಅದು ಸಾಮಾನ್ಯ ಹೊತ್ತಿನಲ್ಲಿ ಕೋಶರಸದಲ್ಲಿದ್ದು, ಕೋಶವು ವಿಭಜನೆಗೆ ಹೊರಟಾಗ ಸಾಂದ್ರಗೊಳ್ಳುತ್ತಿರುವ ವರ್ಣತಂತುಗಳಿಗೆ ಅಂಟಿಕೊಂಡು, ಮರಿಕೋಶಗಳಲ್ಲಿ ಕೋಶಕೇಂದ್ರದೊಳಗೇ ಉಳಿಯುತ್ತದೆ ಎಂದು ತೋರಿಸಿದರು. ಅಂದರೆ ಒಂದೇ ಪ್ರೋಟೀನು, ಒಂದೇ ಕೋಶಕೇಂದ್ರದ ಹೊಳಪು, ಆದರೆ ಕಾರಣ ಒಮ್ಮೆ ಬಾಟಲಿಯಲ್ಲಿನ ರಾಸಾಯನಿಕ, ಇನ್ನೊಮ್ಮೆ ಕೋಶಚಕ್ರ. ಫಿಕ್ಸ್ ಮಾಡಿದ ಸ್ಲೈಡೊಂದನ್ನೇ ನೋಡುವವನಿಗೆ ಇವೆರಡನ್ನು ಬೇರೆ ಮಾಡುವುದು ಸಾಧ್ಯವಿಲ್ಲ.

ಆದ್ದರಿಂದ ಫಿಕ್ಸ್ ಮಾಡಲು ತಣ್ಣನೆಯ ಮೆಥನಾಲ್ ಒಂದನ್ನೇ ನೆಚ್ಚಬಾರದು. ಒಂದು ಕವರ್‌ಸ್ಲಿಪ್ಪನ್ನು ಮೆಥನಾಲಿನಲ್ಲಿಯೂ ಇನ್ನೊಂದನ್ನು 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿಯೂ ಫಿಕ್ಸ್ ಮಾಡಿ, ಮೂರನೆಯದನ್ನು ಏನೂ ಮಾಡದೆ ಜೀವಂತವಾಗಿಯೇ ನೋಡಿ, ಮೂರರ ಎಣಿಕೆಯನ್ನು ಹೋಲಿಸಬೇಕು. ಪ್ಯಾರಾಫಾರ್ಮಾಲ್ಡಿಹೈಡಿಗೂ ತನ್ನದೇ ದೋಷವಿದೆ: ವಿಭಜನೆಯಲ್ಲಿರುವ ವರ್ಣತಂತುಗಳ ಮೇಲಿದ್ದ ಕೆಲವು ಪ್ರೋಟೀನುಗಳನ್ನು ಅದು ಇಲ್ಲದಂತೆ ತೋರಿಸುತ್ತದೆಂದು ಕೋಶದ ಸ್ವಂತ ಡಿಎನ್‌ಎ ಪ್ರೋಟೀನುಗಳ ಮೇಲಿನ ಕೆಲಸದಿಂದ 2016ರಲ್ಲಿ ಸ್ಪಷ್ಟವಾಗಿದೆ. ‘ಮೈಟಾಸಿಸ್ಸಿನಲ್ಲಿ ಪ್ರೋಟೀನು ವರ್ಣತಂತುವನ್ನು ಬಿಟ್ಟುಹೋಗುತ್ತದೆ’ ಎಂಬ ವಾಕ್ಯವನ್ನು ಬರೆಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು. ಆ್ಯಂಟಿಬಾಡಿಯ ವಿಷಯದಲ್ಲಿ ಎರಡು ಮಾತು ಸಾಕು. ದಟ್ಟವಾದ ನ್ಯೂಕ್ಲಿಯೋಲಸ್ಸಿನೊಳಗೆ ಆ್ಯಂಟಿಬಾಡಿ ಸರಿಯಾಗಿ ಇಳಿಯದಿರಬಹುದು. ಮೈಟಾಸಿಸ್ಸಿನಲ್ಲಿ ಸೇರಿದ ಫಾಸ್ಫೇಟು ಅದು ಹಿಡಿಯುವ ಜಾಗವನ್ನೇ ಮುಚ್ಚಿಬಿಡಬಹುದು. ಜಿಎಫ್‌ಪಿಯ ಬೆಳಕೂ ಆ್ಯಂಟಿಬಾಡಿಯ ಬೆಳಕೂ ಒಂದೇ ಕೋಶದಲ್ಲಿ ಒಂದನ್ನೊಂದು ಒಪ್ಪದಿದ್ದರೆ ಈ ಎರಡು ಕಾರಣಗಳಲ್ಲಿ ಒಂದನ್ನು ಶಂಕಿಸಬೇಕು.

ವಾರದಿಂದ ವಾರಕ್ಕೆ ಪ್ರಮಾಣ ಬದಲಾಗುತ್ತಿದ್ದರೆ, ನಾನು ಮೊದಲು ನೋಡುವುದು ಕೋಶಗಳನ್ನು ಬಿತ್ತಿದ ದಟ್ಟಣೆಯ ದಾಖಲೆಯನ್ನು. ಮಂಗನ ಮೂತ್ರಪಿಂಡದಿಂದ ಬಂದ ವೆರೊದಂಥ ಕೋಶಗಳು ತಟ್ಟೆ ತುಂಬಿದ ಮೇಲೆ ಹೆಚ್ಚಾಗಿ ಜಿ1 ಹಂತದಲ್ಲೇ ನಿಲ್ಲುತ್ತವೆ. ಶುಕ್ರವಾರ ಬಿತ್ತಿ ಸೋಮವಾರ ನೋಡಿದ ತಟ್ಟೆಯೂ, ಬುಧವಾರ ಬಿತ್ತಿ ಗುರುವಾರ ನೋಡಿದ ತಟ್ಟೆಯೂ ಚಕ್ರದ ಲೆಕ್ಕದಲ್ಲಿ ಒಂದೇ ಅಲ್ಲ. ಲೈಪೋಸೋಮಿನ ಮೂಲಕ ಹಾಕಿದ ಪ್ಲಾಸ್ಮಿಡ್ಡು ಕೋಶಕೇಂದ್ರವನ್ನು ಸೇರುವುದು ಬಹುಪಾಲು ಪೊರೆ ಒಡೆಯುವ ಹೊತ್ತಿನಲ್ಲಾದ್ದರಿಂದ, ಮರುದಿನ ಹೊಳೆಯುತ್ತಿರುವ ಕೋಶಗಳು ಈಚೆಗೆ ವಿಭಜನೆಯಾದವುಗಳೇ ಆಗಿರುವ ಸಂಭವ ಹೆಚ್ಚು. 24ನೆಯ ಗಂಟೆಯ ಚಿತ್ರವನ್ನು 48ನೆಯ ಗಂಟೆಯ ಚಿತ್ರದೊಂದಿಗೆ ಹೋಲಿಸಿ ‘ಪ್ರೋಟೀನು ಸ್ಥಳಾಂತರವಾಯಿತು’ ಎನ್ನುವುದು ಈ ಕಾರಣಕ್ಕೆ ಅಪಾಯ.

ಕೋಶದ ಹಂತವನ್ನು ಸ್ಲೈಡಿನ ಮೇಲೆಯೇ ಗುರುತಿಸುವುದು

ಕೋಶಗಳನ್ನು ಔಷಧ ಹಾಕಿ ಒಂದೇ ಹಂತಕ್ಕೆ ತರುವ ಮೊದಲು, ಹಾಗೇ ಬೆಳೆಯುತ್ತಿರುವ ಕೋಶಗಳಲ್ಲಿ ಹಂತವನ್ನು ಗುರುತಿಸಲು ಪ್ರಯತ್ನಿಸಬೇಕು. ಇದು ಅಗ್ಗ, ಮತ್ತು ಕೋಶಕ್ಕೆ ಯಾವ ಪೆಟ್ಟನ್ನೂ ಕೊಡುವುದಿಲ್ಲ. ಡಿಎನ್‌ಎಗೆ ಅಂಟುವ ಡ್ಯಾಪಿ ಬಣ್ಣವೊಂದರಿಂದಲೇ ಸಾಂದ್ರಗೊಂಡ ವರ್ಣತಂತುಗಳನ್ನು ಗುರುತಿಸಬಹುದು. ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನಾದ ಹಿಸ್ಟೋನ್ ಎಚ್3ರ 10ನೆಯ ಸೆರೀನಿನ ಫಾಸ್ಫೇಟನ್ನು ಹಿಡಿಯುವ ಆ್ಯಂಟಿಬಾಡಿ ಮೈಟಾಸಿಸ್ಸನ್ನು ಇನ್ನಷ್ಟು ಖಚಿತಗೊಳಿಸುತ್ತದೆ. ಎಸ್ ಹಂತಕ್ಕೆ, ಹೊಸದಾಗಿ ನಕಲಾಗುವ ಡಿಎನ್‌ಎಯಲ್ಲಿ ಸೇರಿಕೊಳ್ಳುವ ಇಡಿಯುವನ್ನು ಅರ್ಧ ಗಂಟೆ ಉಣಿಸಿ ನೋಡುವುದು ಸರಳ ದಾರಿ, ಆದರೆ ಅದರ ತಾಮ್ರದ ಕ್ರಿಯೆ ಜಿಎಫ್‌ಪಿಯ ಬೆಳಕನ್ನು ಕುಂದಿಸುವುದರಿಂದ ಪ್ರೋಟೀನನ್ನು ಆ್ಯಂಟಿಬಾಡಿಯಿಂದಲೇ ಗುರುತಿಸಬೇಕಾದೀತು. ಸೈಕ್ಲಿನ್ ಬಿ1 ಎಂಬ ಕೋಶದ ಪ್ರೋಟೀನು ಜಿ2 ಹಂತದಲ್ಲಿ ಕೋಶರಸದಲ್ಲಿದ್ದು ವಿಭಜನೆಯ ಹೊಸ್ತಿಲಲ್ಲಿ ಕೋಶಕೇಂದ್ರಕ್ಕೆ ಧಾವಿಸುವುದರಿಂದ, ಜಿ2 ಮತ್ತು ಎಂ ಹಂತಗಳ ಗಡಿಯನ್ನು ಅದು ಚೆನ್ನಾಗಿ ತೋರಿಸುತ್ತದೆ. 2008ರಲ್ಲಿ ಜಪಾನಿನಲ್ಲಿ ರೂಪುಗೊಂಡ ಫುಚ್ಚಿ ಎಂಬ ವ್ಯವಸ್ಥೆಯಲ್ಲಿ ಜಿ1 ಕೋಶಕೇಂದ್ರಗಳು ಕೆಂಪಾಗಿಯೂ ಎಸ್‌ನಿಂದ ಎಂವರೆಗಿನವು ಹಸಿರಾಗಿಯೂ ಹೊಳೆಯುತ್ತವೆ. ಅದನ್ನು ಬಳಸುವವರು ವೈರಸ್ ಪ್ರೋಟೀನಿಗೆ ಹಸಿರು ಟ್ಯಾಗನ್ನು ಹಾಕಬಾರದೆಂಬುದನ್ನು ಪ್ಲಾಸ್ಮಿಡ್ ಕಟ್ಟುವಾಗಲೇ ಯೋಚಿಸಬೇಕು.

ಈ ಎಣಿಕೆ ಕೈಗೆ ಬಂದ ಮೇಲೆ ಒಂದು ಚಿಕ್ಕ ಲೆಕ್ಕವಿದೆ, ಅದನ್ನು ಮಾಡದೆ ಮುಂದುವರಿಯಬಾರದು. ಮನುಷ್ಯರ ಕ್ಯಾನ್ಸರಿನಿಂದ ಬಂದ ಹೀಲಾ ಕೋಶದ ಚಕ್ರ 22 ಗಂಟೆ, ಅದರಲ್ಲಿ ಮೈಟಾಸಿಸ್ ಒಂದು ಗಂಟೆ ಎಂದಿಟ್ಟುಕೊಳ್ಳಿ. 22ರಲ್ಲಿ ಒಂದು ಪಾಲು ಎಂದರೆ 4.5 ಶೇಕಡಾ ಎಂದು ತೋರುತ್ತದೆ. ಆದರೆ ಎರಡಾಗುತ್ತ ಹೋಗುವ ಗುಂಪಿನಲ್ಲಿ ಆಗತಾನೆ ಹುಟ್ಟಿದ ಕೋಶಗಳು ವಿಭಜನೆಗೆ ಹೊರಟ ಕೋಶಗಳ ಎರಡರಷ್ಟಿರುವುದರಿಂದ, ಮೈಟಾಸಿಸ್ಸಿನ ಪಾಲು ಸುಮಾರು 3 ಶೇಕಡಾಕ್ಕೆ ಇಳಿಯುತ್ತದೆ. ಅದೇ ಕಾರಣಕ್ಕೆ 10 ಗಂಟೆಯ ಜಿ1 ಹಂತವು ಸರಳ ಭಾಗಾಕಾರದ 45 ಶೇಕಡಾ ಅಲ್ಲ, 54 ಶೇಕಡಾ ಆಗುತ್ತದೆ. ನಿಮ್ಮ ಸ್ಲೈಡಿನಲ್ಲಿ ಅಸಹಜವಾಗಿ ಕಂಡ ಕೋಶಗಳು 40 ಶೇಕಡಾ ಇದ್ದರೆ ಮೈಟಾಸಿಸ್ ಒಂದೇ ಅದಕ್ಕೆ ಕಾರಣವಾಗಲಾರದು. ಆದರೆ ವಿಪಿ22ದಂತೆ ಮೈಟಾಸಿಸ್ಸಿನಲ್ಲಿ ಒಳಸೇರಿ ಜಿ1 ಹಂತದಲ್ಲೂ ಉಳಿಯುವ ಪ್ರೋಟೀನಾದರೆ 40 ಶೇಕಡಾ ಸಹಜವೇ. ಅಂಥಲ್ಲಿ ಹೊಳೆಯುವ ಕೋಶಕೇಂದ್ರಗಳು ಅಕ್ಕಪಕ್ಕದಲ್ಲಿ ಜೋಡಿಜೋಡಿಯಾಗಿ ಕಾಣುತ್ತವೆಯೇ ಎಂದು ನೋಡಬೇಕು. ಜೋಡಿ ಕಂಡರೆ ಅವು ಒಂದೇ ತಾಯಿಕೋಶದ ಮಕ್ಕಳೆಂಬುದಕ್ಕೆ ಒಳ್ಳೆಯ ಸೂಚನೆ. ಕಾಸು ಖರ್ಚಿಲ್ಲದ ಈ ಗುರುತನ್ನು ಬಹಳ ಜನ ಗಮನಿಸುವುದೇ ಇಲ್ಲ. ಉಂಡೆಯಾದ ಕೋಶಗಳು ತಟ್ಟೆಗೆ ಸಡಿಲವಾಗಿ ಅಂಟಿರುವುದರಿಂದ ರಭಸದಿಂದ ತೊಳೆದರೆ ಮೈಟಾಸಿಸ್ಸಿನ ಕೋಶಗಳೇ ಮೊದಲು ಕೊಚ್ಚಿಹೋಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೋಶಗಳನ್ನು ಒಂದೊಂದಾಗಿ ಹರಿಸಿ ಬೆಳಕನ್ನು ಅಳೆಯುವ ಫ್ಲೋ ಸೈಟೋಮೀಟರಿಗಾಗಿ ಮಾದರಿಯನ್ನು ಕಾಸರಗೋಡಿನಿಂದ ಐವತ್ತು ಕಿಲೋಮೀಟರು ದೂರದ ಮಂಗಳೂರಿಗೆ ಒಯ್ಯಬೇಕಾದವರು ಜೀವಂತ ಕೋಶಗಳನ್ನು ಐಸಿನ ಮೇಲೆ ಇಟ್ಟು ಹೊರಡಬಾರದು. ತಣ್ಣಗಾದರೆ ಕೋಶದೊಳಗಿನ ಕೊಳವೆಯಂಥ ಎಳೆಗಳಾದ ಮೈಕ್ರೋಟ್ಯೂಬ್ಯೂಲುಗಳು ಕಳಚಿಕೊಳ್ಳುತ್ತವೆ, ದಾರಿಯಲ್ಲಿ ಸಿಕ್ಕಿಕೊಂಡರೆ ಕೋಶಗಳು ಸಾಯುತ್ತವೆ. 70 ಶೇಕಡಾ ತಣ್ಣನೆಯ ಎಥನಾಲಿನಲ್ಲಿ ಫಿಕ್ಸ್ ಮಾಡಿ ಮೈನಸ್ 20 ಡಿಗ್ರಿಯಲ್ಲಿಟ್ಟರೆ ಡಿಎನ್‌ಎ ಅಳತೆಗೆ ಬೇಕಾದ ಮಾದರಿ ವಾರಗಟ್ಟಲೆ ಕಾಯುತ್ತದೆ. ಎಥನಾಲಿನಲ್ಲಿ ಜಿಎಫ್‌ಪಿ ಸೋರಿಹೋಗುವುದರಿಂದ, ಹೊಳೆಯುವ ಕೋಶಗಳನ್ನು ಬೇರೆಯಾಗಿ ಅಳೆಯಬೇಕಿದ್ದರೆ ಮೊದಲು ಸ್ವಲ್ಪ ಹೊತ್ತು ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ ಇಡಬೇಕು. ಡಿಎನ್‌ಎ ಅಳೆಯಲು ಹಾಕುವ ಪ್ರೊಪಿಡಿಯಂ ಅಯೋಡೈಡ್ ಬಣ್ಣ ಆರ್‌ಎನ್‌ಎಗೂ ಅಂಟುತ್ತದೆ, ಆದ್ದರಿಂದ ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಏಸನ್ನು ಮರೆಯುವಂತಿಲ್ಲ. ಈ ಅಳತೆ ಜಿ2 ಮತ್ತು ಎಂ ಹಂತಗಳನ್ನು ಬೇರೆ ಮಾಡಲಾರದು. ಎರಡರಲ್ಲೂ ಡಿಎನ್‌ಎ ಒಂದೇ ಮೊತ್ತದ್ದು.

ಔಷಧ ಹಾಕಿ ಒಂದೇ ಹಂತಕ್ಕೆ ತಂದಾಗ ಹುಟ್ಟುವ ಹೊಸ ದೋಷಗಳು

ಎಣಿಕೆಯಿಂದ ಒಂದು ಹಂತದ ಮೇಲೆ ಸಂಶಯ ಬಲವಾದ ಮೇಲೆ ಮಾತ್ರ ಕೋಶಗಳನ್ನು ಆ ಹಂತಕ್ಕೆ ತಂದು ನಿಲ್ಲಿಸುವ ಪ್ರಯತ್ನಕ್ಕೆ ಇಳಿಯಬೇಕು, ಏಕೆಂದರೆ ಪ್ರತಿ ಔಷಧವೂ ಚಕ್ರವನ್ನು ನಿಲ್ಲಿಸುವುದರ ಜೊತೆಗೆ ಇನ್ನೇನನ್ನೋ ಕೆಡಿಸುತ್ತದೆ. ಎರಡು ಸಲ ಥೈಮಿಡಿನ್ ಕೊಟ್ಟು ಜಿ1 ಮತ್ತು ಎಸ್ ಹಂತಗಳ ಗಡಿಯಲ್ಲಿ ನಿಲ್ಲಿಸುವುದು ಹಳೆಯ ಕ್ರಮ. ಅದರಲ್ಲಿ ಡಿಎನ್‌ಎ ನಕಲಿನ ಮೇಲೆ ಒತ್ತಡ ಬೀಳುತ್ತದೆ. ನೊಕೊಡಜೋಲ್ ಮೈಟಾಸಿಸ್ಸಿನಲ್ಲಿ ನಿಲ್ಲಿಸುತ್ತದೆ, ಆದರೆ ಹಾಗೆ ನಿಲ್ಲಿಸುವುದು ಮೈಕ್ರೋಟ್ಯೂಬ್ಯೂಲುಗಳನ್ನು ಕಳಚಿಯೇ. ಮೈಕ್ರೋಟ್ಯೂಬ್ಯೂಲುಗಳನ್ನು ಆಶ್ರಯಿಸುವ ಪ್ರೋಟೀನು, ವಿಪಿ22 ಅಂಥದೊಂದು, ನೊಕೊಡಜೋಲಿನಲ್ಲಿ ಜಾಗ ಬದಲಿಸಿದರೆ ಅದಕ್ಕೆ ಚಕ್ರ ಕಾರಣವೋ ಔಷಧ ಕಾರಣವೋ ತಿಳಿಯುವುದಿಲ್ಲ. ಗಾಲ್ಜಿಯೂ ಅದೇ ಔಷಧದಿಂದ ಚದುರುತ್ತದೆ. ಇದನ್ನು ಬೇರೆ ಮಾಡುವ ಉಪಾಯವೆಂದರೆ, ನೊಕೊಡಜೋಲಿನ ತಟ್ಟೆಯಲ್ಲಿ ಇನ್ನೂ ಚಪ್ಪಟೆಯಾಗಿಯೇ ಇರುವ, ಮೈಟಾಸಿಸ್ಸಿಗೆ ಹೋಗದ ಕೋಶಗಳನ್ನು ನೋಡುವುದು. ಅವುಗಳಲ್ಲೂ ಪ್ರೋಟೀನು ಚದುರಿದ್ದರೆ ತಪ್ಪು ಔಷಧದ್ದು. ಸಿಡಿಕೆ1ನ್ನು ತಡೆಯುವ ಆರ್‌ಒ-3306 ಕೋಶಗಳನ್ನು ಜಿ2 ಅಂಚಿನಲ್ಲಿ ನಿಲ್ಲಿಸುತ್ತದೆ, ಮೈಕ್ರೋಟ್ಯೂಬ್ಯೂಲುಗಳಿಗೆ ಕೈಹಾಕುವುದಿಲ್ಲ. ಆದರೆ ನಿಮ್ಮ ಪ್ರೋಟೀನಿಗೆ ಫಾಸ್ಫೇಟನ್ನು ಸೇರಿಸುವುದೇ ಸಿಡಿಕೆ1 ಆಗಿದ್ದರೆ ಆ ಔಷಧ ನೋಡಬೇಕಾದ್ದನ್ನೇ ಅಳಿಸುತ್ತದೆ. ತಟ್ಟೆಯನ್ನು ಮೆಲ್ಲನೆ ತಟ್ಟಿ ಉಂಡೆ ಕೋಶಗಳನ್ನಷ್ಟೇ ಉದುರಿಸಿ ಬೇರೆ ತಟ್ಟೆಯಲ್ಲಿ ಬೆಳೆಸುವುದರಲ್ಲಿ ಔಷಧವೇ ಇಲ್ಲ. ಸಿಗುವ ಕೋಶಗಳು ಕಡಿಮೆ, ಆದರೂ ಈ ವಿಷಯಕ್ಕೆ ನನ್ನ ಒಲವು ಅದರ ಕಡೆಗೇ.

ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಿಧಾನಗಳಲ್ಲಿ ಒಂದೇ ಫಲಿತಾಂಶ ಬಂದರೆ ಮಾತ್ರ ಅದನ್ನು ಚಕ್ರದ ಪರಿಣಾಮವೆಂದು ಒಪ್ಪಬೇಕು. ಔಷಧ ತೆಗೆದು ಕೋಶಗಳನ್ನು ಬಿಟ್ಟ ಮೇಲಿನ ಗಂಟೆಗಳ ಲೆಕ್ಕಕ್ಕೆ 37 ಡಿಗ್ರಿ ಅತ್ಯಗತ್ಯ. ಇನ್‌ವರ್ಟರನ್ನು ಫ್ರಿಜ್ಜಿಗೆ ಕೊಟ್ಟು ಇನ್‌ಕ್ಯುಬೇಟರನ್ನು ಅದರ ಪಾಡಿಗೆ ಬಿಟ್ಟಿರುವ ಲ್ಯಾಬುಗಳು ನಮ್ಮ ಕಡೆ ಇವೆ. ಅಲ್ಲಿ ಮಳೆಗಾಲದ ರಾತ್ರಿ ಕರೆಂಟು ಹೋದರೆ ‘ಬಿಟ್ಟ ಬಳಿಕ 9 ಗಂಟೆ’ ಎಂಬ ಗುರುತು ಸುಳ್ಳಾಗುತ್ತದೆ. ಒಳಗೊಂದು ತಾಪಮಾನ ದಾಖಲಿಸುವ ಸಾಧನವನ್ನಿಟ್ಟು, ಪ್ರತಿ ಹೊತ್ತಿನ ಮಾದರಿಯಿಂದಲೂ ಸ್ವಲ್ಪ ಭಾಗವನ್ನು ಡಿಎನ್‌ಎ ಅಳತೆಗೆ ತೆಗೆದಿಟ್ಟರೆ ಗಡಿಯಾರವನ್ನು ನಂಬುವ ಅಗತ್ಯ ಬೀಳುವುದಿಲ್ಲ.

ಕೋಶದ ಜಾತಿಯೂ ಇಲ್ಲಿ ಮಾತಾಡುತ್ತದೆ. ಹೀಲಾ ಕೋಶಗಳಲ್ಲಿ ಪ್ಯಾಪಿಲೋಮಾ ವೈರಸ್ 18ರ ಇ6 ಮತ್ತು ಇ7 ಪ್ರೋಟೀನುಗಳು ಮೊದಲೇ ಇವೆ. ಅವು ಪಿ53 ಮತ್ತು ಆರ್‌ಬಿ ಎಂಬ ಕಾವಲುಗಾರರನ್ನು ಸುಮ್ಮನಾಗಿಸಿರುವುದರಿಂದ ಸೀರಂ ಕಡಿಮೆ ಮಾಡಿ ಅವುಗಳನ್ನು ನಿಲ್ಲಿಸುವುದು ಸರಿಯಾಗಿ ನಡೆಯದು. 293ಟಿ ಮತ್ತು ಕಾಸ್-7 ಕೋಶಗಳಲ್ಲಿ ಎಸ್‌ವಿ40ಯ ಟಿ ಆ್ಯಂಟಿಜೆನ್ ಇದೆ. ಒಂದು ವೈರಸ್ಸಿನ ಪ್ರೋಟೀನನ್ನು ಅಭ್ಯಾಸ ಮಾಡುವ ಕೋಶದೊಳಗೆ ಇನ್ನೊಂದು ವೈರಸ್ಸಿನ ಪ್ರೋಟೀನು ಮನೆಮಾಡಿಕೊಂಡಿರುವುದನ್ನು ವರದಿಯಲ್ಲಿ ಹೇಳದೆ ಬಿಡುವುದು ಸರಿಯಲ್ಲ.

ಸೋಂಕು ತಗುಲಿದ ಕೋಶಗಳಲ್ಲಿ

ಪ್ಲಾಸ್ಮಿಡ್ಡಿನ ಬದಲು ನಿಜವಾದ ಸೋಂಕಿನಲ್ಲಿ ಇದೇ ದೋಷ ಕಂಡರೆ ಎರಡು ಹೊಸ ತೊಡಕುಗಳಿರುತ್ತವೆ. ಒಂದು, ಸೋಂಕಿನ ವಯಸ್ಸು. ಇನ್‌ಫ್ಲುಯೆಂಜಾ ವೈರಸ್ಸಿನ ಎನ್‌ಪಿ ಪ್ರೋಟೀನು ಸೋಂಕಿನ ಮೊದಲ ಗಂಟೆಗಳಲ್ಲಿ ಕೋಶಕೇಂದ್ರದಲ್ಲಿಯೂ, ಬಳಿಕ ಕೋಶರಸದಲ್ಲಿಯೂ ಹೆಚ್ಚಾಗಿ ಕಾಣುತ್ತದೆ. ವೈರಸ್ಸಿನ ಪ್ರಮಾಣ ಕಡಿಮೆ ಹಾಕಿ ಮರುದಿನ ನೋಡಿದರೆ, ಮೊದಲ ಸುತ್ತಿನಲ್ಲಿ ಸೋಂಕಾದ ಕೋಶಗಳೂ ಎರಡನೆಯ ಸುತ್ತಿನವೂ ಅಕ್ಕಪಕ್ಕದಲ್ಲಿದ್ದು, ಕೋಶಚಕ್ರದ ಬೆರಕೆಯಂತೆಯೇ ತೋರುತ್ತವೆ. ಎಲ್ಲ ಕೋಶಗಳಿಗೂ ಒಮ್ಮೆಲೇ ಸೋಂಕಾಗುವಷ್ಟು ವೈರಸ್ಸನ್ನು ಹಾಕಿ, ಒಂದು ಗಂಟೆಯ ಬಳಿಕ ತೊಳೆದು, ಎರಡೆರಡು ಗಂಟೆಗೊಮ್ಮೆ ನೋಡಿದರೆ ಈ ಸಂಶಯ ಕಳೆಯುತ್ತದೆ.

ಎರಡನೆಯದು, ವೈರಸ್ಸು ತಾನೇ ಚಕ್ರವನ್ನು ಬದಲಿಸುವುದು. ಕೋಳಿಗಳ ಶ್ವಾಸನಾಳದ ರೋಗವನ್ನು ತರುವ ಐಬಿವಿ ಎಂಬ ಕೊರೊನಾವೈರಸ್ಸಿನ ಎನ್ ಪ್ರೋಟೀನು ನ್ಯೂಕ್ಲಿಯೋಲಸ್ಸಿನಲ್ಲಿ ಕಾಣುವುದು ಜಿ2 ಮತ್ತು ಎಂ ಹಂತದ ಕೋಶಗಳಲ್ಲಿ ಹೆಚ್ಚು ಎಂದು 2007ರಲ್ಲಿ ವರದಿಯಾಗಿದೆ. ಅದೇ ವೈರಸ್ಸು ಕೋಶಗಳನ್ನು ಜಿ2 ಮತ್ತು ಎಂ ಹಂತಗಳಲ್ಲಿ ತಡೆದಿಡುತ್ತದೆಂಬುದೂ ತಿಳಿದಿದೆ. ಆದ್ದರಿಂದ ಸೋಂಕಿನ ತಟ್ಟೆಯಲ್ಲಿ ನ್ಯೂಕ್ಲಿಯೋಲಸ್ಸಿನ ಚುಕ್ಕೆಗಳು ಪ್ಲಾಸ್ಮಿಡ್ ತಟ್ಟೆಗಿಂತ ಹೆಚ್ಚು ಕಂಡರೆ, ಅದು ಪ್ರೋಟೀನಿನ ನಡತೆ ಬದಲಾದುದರಿಂದಲೋ ಕೋಶಗಳ ಪ್ರಮಾಣ ಬದಲಾದುದರಿಂದಲೋ ಎಂದು ಹಂತವಾರು ಎಣಿಸಿಯೇ ಹೇಳಬೇಕು. ಎಚ್‌ಐವಿ-1ರ ವಿಪಿಆರ್ ಪ್ರೋಟೀನಿನ ವಿಷಯ ಇನ್ನೂ ಸೂಕ್ಷ್ಮ: ಪ್ಲಾಸ್ಮಿಡ್ಡಿನಿಂದ ತಯಾರಾದ ವಿಪಿಆರ್ ಕೂಡ ಕೋಶಗಳನ್ನು ಜಿ2ರಲ್ಲಿ ನಿಲ್ಲಿಸಿಬಿಡುತ್ತದೆ. ಎರಡು ದಿನದ ಬಳಿಕ ಎಲ್ಲ ಕೋಶಗಳಲ್ಲಿಯೂ ಒಂದೇ ಚಿತ್ರ ಕಂಡರೆ, ಪ್ರೋಟೀನಿಗೆ ಚಕ್ರದ ಹಂಗಿಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಕೋಶಗಳೆಲ್ಲ ಒಂದೇ ಹಂತದಲ್ಲಿ ನಿಂತಿವೆ ಎಂದಷ್ಟೇ ಅರ್ಥ.

ಕೋಶಗಳನ್ನು ಒಡೆದು ಕೋಶಕೇಂದ್ರ ಮತ್ತು ಕೋಶರಸಗಳನ್ನು ಬೇರೆ ಮಾಡಿ ಬ್ಲಾಟ್ ಮಾಡುವವರು ಒಂದನ್ನು ನೆನಪಿಡಬೇಕು. ಮೈಟಾಸಿಸ್ಸಿನ ಕೋಶಕ್ಕೆ ಪೊರೆಯಿಲ್ಲದ್ದರಿಂದ ಅದರ ಕರಗುವ ಪ್ರೋಟೀನೆಲ್ಲ ಕೋಶರಸದ ಪಾಲಿಗೆ ಬರುತ್ತದೆ. ಕೋಶಕೇಂದ್ರದ ಪೊರೆಗೆ ಒಳಗಿನಿಂದ ಆಧಾರವಾಗಿರುವ ಲ್ಯಾಮಿನ್ ಎ/ಸಿ ಪ್ರೋಟೀನು ಕೋಶರಸದ ಪಾಲಿನಲ್ಲಿ ಕಂಡರೆ ಮಾದರಿಯಲ್ಲಿ ಮೈಟಾಸಿಸ್ಸಿನ ಕೋಶಗಳು ಹೆಚ್ಚಿವೆ, ಇಲ್ಲವೇ ಕೋಶಕೇಂದ್ರಗಳು ಒಡೆದಿವೆ. ಅಂಥ ಬ್ಲಾಟನ್ನು ಸ್ಥಳದ ಸಾಕ್ಷಿಯಾಗಿ ಬಳಸಬಾರದು.

ಸಸ್ಯ ವೈರಸ್ಸುಗಳ ಮೇಲೆ ಕೆಲಸ ಮಾಡುವವರಿಗೆ

ಅಡಿಕೆ ತೋಟದ ನಡುವೆ ಬಾಳೆ ಬೆಳೆಯುವ ಬದಿಯಡ್ಕ, ಮುಳ್ಳೇರಿಯದ ಕಡೆಯವರಿಗೆ ಬಾಳೆಯ ಬಂಚಿ ಟಾಪ್ ರೋಗ ಹೊಸದಲ್ಲ. ಸಸಿಹೇನು ಹರಡುವ ಈ ವೈರಸ್ಸಿನ ಡಿಎನ್‌ಎ ತಲಾ ಸುಮಾರು ಸಾವಿರ ಬೇಸುಗಳ ಆರು ಸಣ್ಣ ವರ್ತುಲಗಳಾಗಿದ್ದು, ಅವುಗಳಲ್ಲಿ ಒಂದು ಕ್ಲಿಂಕ್ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಕ್ಲಿಂಕ್ ಸಸ್ಯದ ಆರ್‌ಬಿ ಜಾತಿಯ ಪ್ರೋಟೀನನ್ನು ಹಿಡಿದು, ಕೋಶವನ್ನು ಡಿಎನ್‌ಎ ನಕಲಿನ ಹಂತಕ್ಕೆ ತಳ್ಳುವ ಕೆಲಸದವನು. ಇದೇ ವೈರಸ್ಸಿನ ಇನ್ನೊಂದು ಪ್ರೋಟೀನು ಒಂಟಿಯಾಗಿದ್ದಾಗ ಕೋಶಕೇಂದ್ರ ಮತ್ತು ಕೋಶರಸಗಳಲ್ಲಿದ್ದು, ಸಾಗಣೆಯ ಪ್ರೋಟೀನು ಜೊತೆಗಿದ್ದರೆ ಕೋಶದ ಅಂಚಿಗೆ ಸರಿಯುತ್ತದೆ. ಆದ್ದರಿಂದ ಸಸ್ಯದಲ್ಲಿ ಬೆರಕೆ ಚಿತ್ರ ಕಂಡರೆ ಚಕ್ರಕ್ಕಿಂತ ಮೊದಲು ಜೊತೆಗಾರ ಪ್ರೋಟೀನನ್ನು ಶಂಕಿಸುವುದು ನ್ಯಾಯ. ಈರುಳ್ಳಿಯ ಸಿಪ್ಪೆಯ ಕೋಶಗಳೂ ಬಲಿತ ತಂಬಾಕು ಎಲೆಯ ಮೇಲ್ಪದರವೂ ವಿಭಜನೆಯನ್ನು ನಿಲ್ಲಿಸಿದವು. ಅವುಗಳಲ್ಲಿ ಕಂಡ ಜಾಗದಿಂದ ಮೈಟಾಸಿಸ್ಸಿನ ಬಗ್ಗೆ ಏನನ್ನೂ ಹೇಳಲಾಗದು. ವಿಭಜನೆಯನ್ನೇ ನೋಡಬೇಕೆಂದರೆ ಬಿವೈ-2 ತಂಬಾಕು ಕೋಶಗಳನ್ನು ಡಿಎನ್‌ಎ ನಕಲನ್ನು ತಡೆಯುವ ಅಫಿಡಿಕೋಲಿನ್ ಹಾಕಿ ಒಂದೇ ಹಂತಕ್ಕೆ ತರುವ ದಾರಿಯಿದೆ.

ಕಾರಣವನ್ನು ಖಚಿತಪಡಿಸುವುದು

ಉಳಿದೆಲ್ಲ ಕಾರಣಗಳು ಕಳೆದು ಚಕ್ರವೊಂದೇ ಉಳಿದಾಗ, ಅದರ ಯಾವ ದಾರಿ ಎಂದು ಕೇಳಬೇಕು. ಹೊರಸಾಗಣೆಯನ್ನು ತಡೆಯುವ ಲೆಪ್ಟೊಮೈಸಿನ್ ಬಿ ಕೊಟ್ಟಾಗ ಎಲ್ಲ ಹಂತಗಳಲ್ಲಿಯೂ ಪ್ರೋಟೀನು ಒಳಗೇ ಕೂಡಿಕೊಂಡರೆ, ವ್ಯತ್ಯಾಸ ಇದ್ದದ್ದು ಹೊರಹೋಗುವುದರಲ್ಲಿ. ಸಂಕೇತದ ಪಕ್ಕದ ಸೆರೀನ್ ಅಥವಾ ಥ್ರಿಯೊನಿನ್ನನ್ನು ಒಮ್ಮೆ ಅಲನಿನ್ನಿಗೆ, ಇನ್ನೊಮ್ಮೆ ಆಸ್ಪಾರ್ಟೇಟಿಗೆ ಬದಲಿಸಿ, ಎರಡೂ ರೂಪಗಳಲ್ಲಿ ಹಂತವಾರು ವ್ಯತ್ಯಾಸ ಅಳಿದು ಜಾಗಗಳು ವಿರುದ್ಧ ದಿಕ್ಕಿಗೆ ಸರಿದರೆ ಫಾಸ್ಫೇಟಿನ ಕಾರಣ ಗಟ್ಟಿಯಾಗುತ್ತದೆ. ಅಲನಿನ್ ರೂಪ ಒಂದನ್ನೇ ನೋಡಿ ನಿಲ್ಲಿಸಬಾರದು, ಏಕೆಂದರೆ ಆ ಬದಲಾವಣೆಯಿಂದ ಪ್ರೋಟೀನಿನ ಮಡಿಕೆಯೇ ಕೆಟ್ಟಿರಲೂಬಹುದು.

ಕೊನೆಯ ಮಾತನ್ನು ಹೇಳುವುದು ಒಂದೇ ಕೋಶವನ್ನು ಒಂದು ವಿಭಜನೆಯ ಮೊದಲಿನಿಂದ ಆಚೆಗೂ ಹಿಂಬಾಲಿಸಿದ ಜೀವಂತ ಚಿತ್ರಣ. ಅದಕ್ಕೆ ಹಿಸ್ಟೋನ್ ಎಚ್2ಬಿಗೆ ಕೆಂಪು ಟ್ಯಾಗು ಹಾಕಿದ ಕೋಶಗಳಿದ್ದರೆ ವರ್ಣತಂತುಗಳು ತಾವಾಗಿಯೇ ಹಂತವನ್ನು ತೋರಿಸುತ್ತವೆ. ಹೆಚ್ಚು ಹೊತ್ತು ನೀಲಿ ಬೆಳಕು ಬಿದ್ದರೆ ಕೋಶಗಳು ಅದರ ಪೆಟ್ಟಿಗೇ ಚಕ್ರವನ್ನು ನಿಲ್ಲಿಸಬಹುದು. ಆದ್ದರಿಂದ ಅದೇ ತಟ್ಟೆಯಲ್ಲಿ ಬೆಳಕು ಬೀಳದ ಭಾಗವೊಂದನ್ನು ಗುರುತಿಸಿಟ್ಟು, ಚಿತ್ರಣ ಮುಗಿದ ಮೇಲೆ ಎರಡೂ ಕಡೆಯ ಮೈಟಾಸಿಸ್ಸಿನ ಪ್ರಮಾಣವನ್ನು ಹೋಲಿಸಬೇಕು. ಬೆಳಕು ಬಿದ್ದ ಕಡೆ ಅದು ಗಣನೀಯವಾಗಿ ಕಡಿಮೆಯಿದ್ದರೆ ಆ ಚಿತ್ರಣವನ್ನು ಬದಿಗಿಟ್ಟು, ಬೆಳಕಿನ ತೀವ್ರತೆಯನ್ನು ಇಳಿಸಿ, ಚಿತ್ರಗಳ ನಡುವಿನ ಅವಧಿಯನ್ನು ಹೆಚ್ಚಿಸಿ ಮತ್ತೆ ತೆಗೆಯಬೇಕು.